ಗಣ್ ಎನ್ನುವ ತಗಡು

ನಮ್ಮಪ್ಪ ಹಾಲೇಶಪ್ಪನವರು ಏನನ್ನೇ ಕೊಳ್ಳಲಿ, ಮೊದಲು ಬಡಿದು ನೋಡುತ್ತಾರೆ. ಬಲಗೈ ನಡುಬೆರಳನ್ನು ಮಡಚಿ, ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಹತ್ತಿರ ಒಯ್ದು ಕಣ್ಣು ಮುಚ್ಚುತ್ತಾರೆ. ಗಣ್ ಎಂದರೆ ಮಾಲು ಒಳ್ಳೆಯದು. ಡಬ್ ಎಂದರೆ ಅಂಗಡಿಯವನ ಗ್ರಹಚಾರ ಕೆಟ್ಟಿತು. ನಮ್ಮ ನಂಟರಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಹಂಡೆ, ಕೊಪ್ಪರಿಗೆ, ಕೊಡ ಕೊಳ್ಳಲು ದಾವಣಗೆರೆಯ ಪಾತ್ರೆ ಅಂಗಡಿಗೆ ಅಪ್ಪನನ್ನು ಕರೆದುಕೊಂಡೇ ಹೋಗಬೇಕು. ಕರೆಯದಿದ್ದರೂ ಅವರು ಮದುವೆಗೆ ಹೋಗುತ್ತಾರೆ, ಆದರೆ ಊಟದ ನಡುವೆ ಸಾರಿನ ಬಕೆಟ್ಟನ್ನು ಬಡಿದು ಮುಖ ಸಿಂಡರಿಸುತ್ತಾರೆ. ಕಲ್ಲಂಗಡಿ, ತೆಂಗಿನಕಾಯಿ ಬಡಿಯುವುದು ಸರಿ. ನಾನು ಮೊದಲ ಸ್ಕೂಟರ್ ಕೊಂಡ ದಿನ ಷೋರೂಮಿನಲ್ಲಿ ಅದರ ಹೊಟ್ಟೆಗೂ ಎರಡು ಬಿಟ್ಟರು. ಮೂವತ್ತು ವರ್ಷದಿಂದ ಜವಳಿ ಅಂಗಡಿ ನಡೆಸುತ್ತಿರುವವರು. ಬಟ್ಟೆಯನ್ನು ಬಡಿದು ನೋಡಲಾಗದ ಸಿಟ್ಟನ್ನು ಲೋಕದ ಮಿಕ್ಕ ವಸ್ತುಗಳ ಮೇಲೆ ತೀರಿಸಿಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಹೋದ ಬೇಸಿಗೆಯಲ್ಲಿ ಅವರು ಬಡಿದದ್ದು ತಗಡನ್ನು. ಪೆಟ್ಟು ಬಿದ್ದದ್ದು ಮಾತ್ರ ನನಗೆ.

ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ನಾವು ಹೊಸ ಮನೆ ಕಟ್ಟಿಸುತ್ತಿದ್ದೆವು. ಎರಡು ಅಂತಸ್ತು, ಏಳು ಕೋಣೆ. ಏಪ್ರಿಲ್ಲಿನಲ್ಲಿ ದಾವಣಗೆರೆ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಏಸಿ ಬೇಕೇ ಬೇಕು. ಆದರೆ ಏಳು ಕೋಣೆಗೆ ಏಳು ಏಸಿ ಹಾಕಿಸಿ ಹೊರಗೋಡೆಗೆ ಏಳು ಡಬ್ಬ ನೇತುಹಾಕುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಇಡೀ ಮನೆಗೆ ಒಂದೇ ಯಂತ್ರ, ಅದು ತಾರಸಿಯ ಮೇಲಿನ ಪುಟ್ಟ ಕೋಣೆಯಲ್ಲಿರುತ್ತದೆ, ಅಲ್ಲಿಂದ ತಗಡಿನ ಡಕ್ಟುಗಳು ಫಾಲ್ಸ್ ಸೀಲಿಂಗ್ ಎನ್ನುವ ಸುಳ್ಳು ಚಾವಣಿಯ ಮೇಲೆ ಹಾದು ಪ್ರತಿ ಕೋಣೆಯ ಜಾಲರಿಗೂ ಗಾಳಿ ತಲುಪಿಸುತ್ತವೆ ಎಂದು ಯಾರೋ ಹೇಳಿದರು. ಬೇಸಿಗೆಯಲ್ಲಿ ತಂಪು ಗಾಳಿ, ಜನವರಿಯಲ್ಲಿ ಬಿಸಿ ಗಾಳಿ. ಬಿಸಿ ಗಾಳಿ ಎಂದೊಡನೆ ನಮ್ಮಮ್ಮ ದ್ರಾಕ್ಷಾಯಣಮ್ಮ ಮೊಣಕಾಲು ಸವರಿಕೊಂಡು ಒಪ್ಪಿಗೆ ಕೊಟ್ಟರು. ಹೇಳಿದವರೇ ಆ ಕೆಲಸ ಮಾಡುವ ಹರಿಹರದ ವಾಣಿಶ್ರೀಯ ನಂಬರನ್ನೂ ಕೊಟ್ಟರು.

ಬಂದಳು. ಸೊಂಟದಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಡಿಪ್ಲೊಮಾ ಮುಗಿಸಿ ಐದು ವರ್ಷ ಬೇರೆಯವರ ಕೈಕೆಳಗೆ ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಡಕ್ಟ್ ಹಾಕಿದವಳು. ಈಗ ಹರಿಹರದಲ್ಲಿ ಹೊಳೆ ಕಡೆ ಹೋಗುವ ರಸ್ತೆಯಲ್ಲಿ ತನ್ನದೇ ಶೆಡ್ಡು. ತಗಡು ಮಡಚುವುದಕ್ಕೆ ಜಮಾಲುದ್ದೀನ್ ಚಾಚಾ ಇದ್ದರು, ನಲವತ್ತು ವರ್ಷ ಟ್ರಂಕು, ಕಾಳಿನ ಡಬ್ಬ ಮಾಡಿದ ಕೈ. ಇಡೀ ಮನೆಯ ಕೆಲಸ ಇದೇ ಮೊದಲು ಎಂದು ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು. ಪ್ರತಿ ಕೋಣೆಗೆ ಹೋಗಿ ಕಿಟಕಿ ಎಷ್ಟಗಲ, ಪಡುವಣ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಎಷ್ಟು ಜನ ಕೂಡುತ್ತಾರೆ ಎಂದೆಲ್ಲ ಬರೆದುಕೊಂಡಳು. ನನ್ನ ಕೋಣೆಗೆ ಬಂದು, ಇಲ್ಲಿ ಎಷ್ಟು ಜನ ಇರುತ್ತೀರಿ ಎಂದು ಕೇಳಿದಳು. ಸದ್ಯಕ್ಕೆ ಒಬ್ಬನೇ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಬೆವೆತಿದ್ದೆ. ಅವಳು ಅದನ್ನೂ ಬಿಸಿಲಿನ ಲೆಕ್ಕಕ್ಕೆ ಸೇರಿಸಿಕೊಂಡಳೋ ಏನೋ.

ನಾನು ಬಸವಕಿರಣ್. ಇಪ್ಪತ್ತೊಂಬತ್ತು ವರ್ಷ. ಅಂಗಡಿಯಲ್ಲಿ ನನ್ನ ಮುಂದೆ ಕೂತ ಹೆಂಗಸರಿಗೆ ದಿನಕ್ಕೆ ಇನ್ನೂರು ಸೀರೆ ಬಿಚ್ಚಿ ತೋರಿಸುತ್ತೇನೆ. ಒಂದೊಂದು ಸೀರೆಗೂ ಒಂದೊಂದು ಮಾತು. ಮೈಬಣ್ಣ, ಅಂಚು, ಸೆರಗು ಎಂದು ನಾನು ಶುರು ಮಾಡಿದರೆ ನೋಡಿ ಹೋಗಲು ಬಂದವರೂ ಕೊಂಡೇ ಹೋಗುತ್ತಾರೆ. ಅಂಥ ನನಗೆ ವಾಣಿಶ್ರೀ ಎದುರು ನಿಂತರೆ ನೀರು ಬೇಕಾ ಎನ್ನುವುದು ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಮೊದಲ ವಾರ ಎಷ್ಟು ನೀರು ಕೊಟ್ಟೆನೆಂದರೆ ಜಮಾಲುದ್ದೀನ್ ಚಾಚಾ ನನ್ನನ್ನು ಕಂಡರೆ ದೂರ ಸರಿಯುತ್ತಿದ್ದರು.

ಪ್ರೀತಿ ಎಂಬುದು ಇಷ್ಟು ಪೆದ್ದುಪೆದ್ದಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೆಟ್ಟಿಲನ್ನು ಎರಡೆರಡು ಹಾರಿ ಹತ್ತುತ್ತಿದ್ದೆ, ಹತ್ತಿದ ಮೇಲೆ ಯಾಕೆ ಬಂದೆ ಎಂದು ಮರೆತು ಇಳಿಯುತ್ತಿದ್ದೆ. ಒಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಕೆಲಸ ನಡೆಯುವವರೆಗೆ ಅವಳು ನಮ್ಮ ಮನೆಗೆ ಬರುತ್ತಾಳೆ, ಮುಗಿದ ಮರುದಿನದಿಂದ ಬರುವುದಕ್ಕೆ ಅವಳಿಗೆ ಕಾರಣವೇ ಇಲ್ಲ. ಅಷ್ಟರೊಳಗೆ ನಾನು ಬಾಯಿ ಬಿಡಬೇಕು.

ಡಕ್ಟ್ ಆರಿಸುವ ದಿನ ಅವಳು ಮೂರು ಮಾದರಿ ತಂದು ನಡುಮನೆಯಲ್ಲಿ ಇಟ್ಟಳು. ಅಪ್ಪ ಪಂಚೆ ಸರಿಮಾಡಿಕೊಂಡು ಕೂತು ಬೆರಳು ಮಡಚಿದರು. ಮೊದಲನೆಯದು ಬೆಳ್ಳಿ ಬಣ್ಣದ ಬಳುಕುವ ಕೊಳವೆ. ಬಡಿದರೆ ಒಳಕ್ಕೆ ತಗ್ಗು ಬಿತ್ತು, ಸದ್ದೇ ಬರಲಿಲ್ಲ. ಕೊನೆಯ ಒಂದೆರಡು ಅಡಿಗೆ ಇದು ಸರಿ, ಉದ್ದಕ್ಕೂ ಹಾಕಿದರೆ ಜೋತುಬಿದ್ದು ಗಾಳಿ ತಡೆಯುತ್ತದೆ ಎಂದು ಅವಳೇ ಹೇಳಿದಳು. ಎರಡನೆಯದು ನೊರೆಯ ಹಲಗೆಗೆ ಎರಡು ಕಡೆ ಹಾಳೆ ಅಂಟಿಸಿದ್ದು. ಡಬ್ ಎಂದಿತು. ಇದು ಐಸ್‌ಕ್ರೀಂ ಡಬ್ಬ ಎಂದು ಅಪ್ಪ ಪಕ್ಕಕ್ಕೆ ಸರಿಸಿದರು. ಮೂರನೆಯದು ಸತುವಿನ ತಗಡಿನ ಚೌಕ ಡಕ್ಟ್, ಒಳಗೆ ಕಪ್ಪು ರಬ್ಬರಿನ ದಪ್ಪ ಹಾಳೆ ಅಂಟಿಸಿತ್ತು. ಅದೂ ಡಬ್ ಎಂದಿತು. ಅಪ್ಪ ಆ ಹಾಳೆಯನ್ನು ಮೂಲೆಯಲ್ಲಿ ಎತ್ತಿ, ಬರೀ ತಗಡನ್ನು ಬಡಿದರು. ಗಣ್.

ಅಪ್ಪನ ಮುಖ ಅರಳಿತು. ಇದೇ ಇರಲಿ, ಆದರೆ ಒಳಗಿನ ರಬ್ಬರು ಬೇಡ, ತಗಡು ಇನ್ನೂ ದಪ್ಪ ಇರಲಿ ಎಂದರು. ವಾಣಿಶ್ರೀ ತಾಳ್ಮೆಯಿಂದ ವಿವರಿಸಿದಳು. ಮನೆಗೆ ತೆಳು ತಗಡು ಸಾಕು, ದಪ್ಪವಾದಷ್ಟೂ ತೂಕ ಹೆಚ್ಚು. ಹೊರಗಡೆಗೂ ಒಂದು ಹೊದಿಕೆ ಇಲ್ಲದಿದ್ದರೆ ತಂಪು ತಗಡು ಬೆವೆತು ಚಾವಣಿ ತೊಟ್ಟಿಕ್ಕುತ್ತದೆ. ಒಳಗಿನ ರಬ್ಬರ್ ಲೈನಿಂಗ್ ಸದ್ದನ್ನು ಹೀರುತ್ತದೆ. ಜೊತೆಗೆ, ಸದ್ದು ನೇರ ಹೋಗದ ಹಾಗೆ ಕೋಣೆಗೂ ಕೋಣೆಗೂ ನಡುವೆ ಡಕ್ಟಿಗೆ ಒಂದೊಂದು ಬಾಗು ಕೊಡಬೇಕು. ಅಪ್ಪ ಹೊರಗಿನ ಹೊದಿಕೆಗೆ ಒಪ್ಪಿದರು, ಹೊಸ ಚಾವಣಿಯ ಮೇಲಿನ ಆಸೆಗೆ. ಬಾಗು ಬೇಡ ಎಂದರು, ಬಾಗಿಸಿದರೆ ಮಾಲು ವ್ಯರ್ಥ, ಕತ್ತರಿ ನೆಟ್ಟಗೆ ಹೋಗಬೇಕು. ಲೈನಿಂಗ್ ರವಿಕೆಗೆ ಹಾಕುವುದು, ನಾನು ಥಾನುಗಟ್ಟಲೆ ಮಾರಿದ್ದೇನೆ, ಗಣ್ ಎನ್ನುವ ತಗಡಿಗೆ ಯಾಕೆ ಎಂದರು.

ಆಗ ಅವಳು ಅಂದಳು, "ಸಾವ್ಕಾರ್ರೆ, ಲೈನಿಂಗ್ ಇಲ್ಲಂದ್ರೆ ಈ ರೂಮಿನ ಮಾತು ಆ ರೂಮಿಗೆ ಹೋಗ್ತೈತ್ರಿ."

"ಹೋಗ್ಲಿ ಬಿಡವ್ವ. ನಮ್ಮನ್ಯಾಗ ಮುಚ್ಚಿಡೋ ಮಾತು ಏನೈತೆ?"

ಮುಚ್ಚಿಡುವ ಮಾತನ್ನು ಹೊಟ್ಟೆತುಂಬ ಇಟ್ಟುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ಅಪ್ಪನ ಜೊತೆ ವಾದ ಮಾಡಿ ಅವಳ ಪರ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ನೀರು ಬೇಕಾ ಎಂದೆ.

ಕೊನೆಗೆ ಅವಳು ತನ್ನ ಎಚ್ಚರಿಕೆಯನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಸಹಿ ಹಾಕಿಸಿಕೊಂಡು, ಅವರು ಹೇಳಿದಂತೆಯೇ ಮಾಡಿದಳು. ದಪ್ಪ ತಗಡು ಮಡಚುವಾಗ ಜಮಾಲುದ್ದೀನ್ ಚಾಚಾ ನಿಟ್ಟುಸಿರು ಬಿಡುತ್ತ, ಇದರಲ್ಲಿ ಗಾಳಿ ಯಾಕೆ, ಆನೆ ಕಳಿಸಬಹುದು ಎನ್ನುತ್ತಿದ್ದರು. ಆದರೆ ಕೆಲಸದಲ್ಲಿ ಒಂದು ಕೂದಲೆಳೆ ತಪ್ಪು ಬಿಡುತ್ತಿರಲಿಲ್ಲ. ಪ್ರತಿ ಕೀಲಿಗೂ ಅಂಟು ಬಳಿದು, ಮೇಲೆ ಟೇಪು ಸುತ್ತಿ, ಚಾವಣಿಗೆ ಕಬ್ಬಿಣದ ಕಡ್ಡಿ ಇಳಿಬಿಟ್ಟು ತೂಗಿಸಿದರು. ಸೋರಿಕೆ ನೋಡಲು ಡಕ್ಟಿನೊಳಗೆ ಲೋಬಾನದ ಹೊಗೆ ಬಿಟ್ಟರು. ಎಲ್ಲಿ ಹೊಗೆ ಇಣುಕುತ್ತದೋ ಅಲ್ಲಿ ಕೀಲು ಸರಿಯಿಲ್ಲ ಎಂದರ್ಥ. ಎಲ್ಲೂ ಇಣುಕಲಿಲ್ಲ, ಜಾಲರಿಗಳಲ್ಲಿ ಮಾತ್ರ ಘಮ್ಮೆಂದು ಇಳಿಯಿತು. ಅಮ್ಮ ಅದನ್ನು ಪೂಜೆ ಎಂದು ತಿಳಿದು ಒಂದೊಂದು ಜಾಲರಿಗೂ ಕೈಮುಗಿದು ಬಂದರು.

ಕೋಣೆ ಕೋಣೆಗೆ ಗಾಳಿ ಸಮನಾಗಿ ಬರುತ್ತಿದೆಯೇ ಎಂದು ನೋಡಲು ಜಾಲರಿಗೆ ಕಟ್ಟಲು ಹಗುರ ಬಟ್ಟೆಯ ತುಂಡು ಬೇಕು ಎಂದಳು ಒಂದು ದಿನ. ನನ್ನ ಬದುಕಿನಲ್ಲಿ ಅಂಥ ಸಂತೋಷದ ದಿನ ಬಂದಿರಲಿಲ್ಲ. ಅಂಗಡಿಗೆ ಓಡಿ ಷಿಫಾನ್, ಜಾರ್ಜೆಟ್, ವಾಯಿಲ್, ಮಲ್ಮಲ್ ಎಂದು ಹದಿನೇಳು ಬಗೆಯ ತುಂಡು ಕತ್ತರಿಸಿ ತಂದೆ. ಹದಿನೇಳನ್ನೂ ಜಾಲರಿಯ ಮುಂದೆ ಹಿಡಿದು, ಯಾವುದು ಎಷ್ಟು ಹಾರುತ್ತದೆ ಎಂದು ತೋರಿಸಿದೆ. ಅವಳು ಬಿಳಿ ಮಲ್ಮಲ್ ಆರಿಸಿಕೊಂಡಳು. ಕೊನೆಗೆ ನಕ್ಕಳು ಕೂಡ. ಆ ನಗುವನ್ನು ತಲೆಯಲ್ಲಿಟ್ಟುಕೊಂಡು ಅವತ್ತು ಸಂಜೆ ಒಬ್ಬ ಗಿರಾಕಿಗೆ ಒಂದು ಮೀಟರ್ ರವಿಕೆ ಬಟ್ಟೆಯ ಬದಲು ಆರು ಮೀಟರ್ ಹರಿದುಕೊಟ್ಟೆ.

ಹರಿಹರಕ್ಕೂ ಹೋದೆ. ನಾಲ್ಕು ಸಲ. ಹರಿಹರೇಶ್ವರನ ದರ್ಶನಕ್ಕೆ ಎಂದು ಮನೆಯಲ್ಲಿ ಹೇಳಿದ್ದೆ. ಮಗನಿಗೆ ಭಕ್ತಿ ಬಂತು ಎಂದು ಅಮ್ಮ ಕಣ್ಣು ಒರೆಸಿಕೊಂಡರು. ಶೆಡ್ಡಿನ ಎದುರಿನ ಚಹಾ ಅಂಗಡಿಯಲ್ಲಿ ಕೂತು, ಒಳಗಿನ ಸುತ್ತಿಗೆ ಸದ್ದು ಕೇಳಿ, ದೇವಸ್ಥಾನಕ್ಕೂ ಹೋಗಿ ಬರುತ್ತಿದ್ದೆ. ದೇವರಿಗೆ ಮೋಸ ಮಾಡಿಲ್ಲ.

ಹೀಗೆ ಪ್ರಾಯೋಗಿಕವಾಗಿ ಯಂತ್ರ ಚಾಲೂ ಮಾಡುವ ಭಾನುವಾರ ಬಂತು. ಅಷ್ಟರಲ್ಲಿ ನಾವು ಸಾಮಾನು ಸಾಗಿಸಿ ಹೊಸ ಮನೆಯಲ್ಲೇ ಇರತೊಡಗಿದ್ದೆವು. ಅಪ್ಪ ಊರಿಗೆಲ್ಲ ಹೇಳಿಬಿಟ್ಟಿದ್ದರು. ಇಪ್ಪತ್ತೆರಡು ಜನ ನಂಟರು ನಡುಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಟ್ಟೆ ಹಿಡಿದು ಕೂತರು. ಯಂತ್ರ ಶುರುವಾಯಿತು. ಬಿಳಿ ಮಲ್ಮಲ್ ತುಂಡುಗಳು ಏಳೂ ಕೋಣೆಯಲ್ಲಿ ಒಂದೇ ಸಮನೆ ಎದ್ದು ಹಾರಿದವು. ಹತ್ತು ನಿಮಿಷಕ್ಕೆ ಕೊಂಡಜ್ಜಿ ಊರಿನ ದೊಡ್ಡಮ್ಮ ಸೆರಗು ಹೊದ್ದುಕೊಂಡು, ಸ್ವೆಟರ್ ಐತೇನ್ರೆ ಎಂದು ಕೇಳಿದರು. ಅಪ್ಪನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ. ಬಂದವರನ್ನೆಲ್ಲ ಸ್ಟೂಲಿನ ಮೇಲೆ ಹತ್ತಿಸಿ, ಜಾಲರಿಯ ಸಂದಿಯಿಂದ ತಗಡು ಬಡಿಸಿ ಗಣ್ ಕೇಳಿಸಿದರು.

ವಾಣಿಶ್ರೀ ಬಂದು, ಬೆಲ್ಟ್ ಸ್ವಲ್ಪ ಬಿಗಿ ಮಾಡಬೇಕು, ಹತ್ತು ನಿಮಿಷ ಯಂತ್ರ ನಿಲ್ಲಿಸುತ್ತೇನೆ ಎಂದು ತಾರಸಿಗೆ ಹೋದಳು. ಇಂದು ಸಂಜೆಗೆ ಅವಳ ಕೆಲಸ ಮುಗಿಯುತ್ತದೆ ಎಂಬುದು ನನಗೆ ಆಗ ಹೊಳೆಯಿತು. ನಾನು ಮಹಡಿಯ ನನ್ನ ಕೋಣೆಗೆ ಹೋಗಿ ಕೂತೆ. ನನ್ನ ತಂಗಿ ಪೂಜಾ ಹಿಂದೆಯೇ ಬಂದಳು. ಹಲ್ಲಿನ ಡಾಕ್ಟರ್ ಓದುತ್ತಿದ್ದಾಳೆ, ಬಾಯಿ ಬಿಡಿಸುವುದೇ ಅವಳ ವಿದ್ಯೆ. ಬಾಗಿಲು ಹಾಕಿ, ಏನಾಗಿದೆ ಹೇಳು ಎಂದಳು. ಬಾಗಿಲು ಭದ್ರವಾಗಿ ಹಾಕಿದ್ದಾಳೆಯೇ ಎಂದು ಎರಡು ಸಲ ನೋಡಿ ನಾನು ಹೇಳಿದೆ.

ಎಲ್ಲ ಹೇಳಿದೆ. ಹರಿಹರದ ನಾಲ್ಕು ದರ್ಶನ, ಚಹಾ ಅಂಗಡಿ, ಆರು ಮೀಟರ್ ರವಿಕೆ ಬಟ್ಟೆ, ಅವಳ ಕಿವಿಯಿಂದ ಬಿದ್ದ ಪೆನ್ಸಿಲನ್ನು ನನ್ನ ದಿಂಬಿನ ಕೆಳಗೆ ಇಟ್ಟುಕೊಂಡದ್ದು. ಅವಳು ಅಂಟು ಮೆತ್ತಿದ ಕೈಯಲ್ಲಿ ಹಣೆ ಒರೆಸಿಕೊಂಡರೆ ನನ್ನ ಎದೆ ಹಾರಿಹೋಗುತ್ತದೆ, ಅವಳಿಲ್ಲದೆ ಈ ಕೋಣೆ ನನಗೆ ಯಾಕೆ, ತಂಪು ಯಾಕೆ ಎಂದೆ. ಸಿನಿಮಾದಲ್ಲಿ ಕೇಳಿದ್ದರೆ ನಾನೇ ಎದ್ದು ಹೋಗುತ್ತಿದ್ದೆ, ಅಂಥ ಮಾತು. ಅಪ್ಪನಿಗೆ ಹೇಳು ಎಂದಳು ಪೂಜಾ. ಅದಕ್ಕೆ ನಾನು ಹೇಳಿದ ಮಾತನ್ನು ಇವತ್ತಿಗೂ ನಂಟರು ಮದುವೆ ಮುಂಜಿಗಳಲ್ಲಿ ನೆನೆಸುತ್ತಾರೆ.

"ಅಪ್ಪ ಸೊಸೇನೂ ಬಡಿದು ನೋಡೇ ತರೋದು, ನೋಡ್ತಿರು."

ಮನಸ್ಸು ಹಗುರಾಗಿ ಕೆಳಗೆ ಇಳಿದೆ. ನಡುಮನೆಯಲ್ಲಿ ಇಪ್ಪತ್ತೆರಡು ಜನ, ಒಬ್ಬರೂ ಅಗಿಯುತ್ತಿರಲಿಲ್ಲ. ಮಿರ್ಚಿಗಳು ಅರ್ಧ ದಾರಿಯಲ್ಲಿ ನಿಂತಿದ್ದವು. ದೊಡ್ಡಮ್ಮ ತಮ್ಮ ತಟ್ಟೆಯ ಮಿರ್ಚಿ ಎತ್ತಿ ನನ್ನ ಕೈಗೆ ಕೊಟ್ಟು, ಬೆನ್ನು ಸವರಿ, ಆ ಹುಡುಗಿಯ ತಾಯಿಯ ತವರು ಕೊಕ್ಕನೂರು, ನಮ್ಮ ಬೀಗರ ಕಡೆಯವರೇ ಆಗಬೇಕು ಎಂದರು. ಯಾವ ಹುಡುಗಿ ಎಂದೆ. ಅಷ್ಟರಲ್ಲಿ ಸೋಫಾದ ಮೇಲಿನ ಜಾಲರಿಯಿಂದ ಪೂಜಾಳ ಧ್ವನಿ, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು. ಕನ್ನಡಿ ಮುಂದೆ ನಿಂತಿದ್ದಳೇನೋ, ತನ್ನಷ್ಟಕ್ಕೆ ಗುನುಗಿ, ನಿಟ್ಟುಸಿರು ಬಿಟ್ಟು, ಅಯ್ಯೋ ಪಾಪ ನಮ್ಮಣ್ಣ ಎಂದಳು.

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮಿರ್ಚಿ ಸಮೇತ ಹಾರುತ್ತಿದ್ದೆ.

ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತು ತಮ್ಮ ಬೆರಳಿನ ಗೆಣ್ಣನ್ನೇ ನೋಡಿಕೊಳ್ಳುತ್ತಿದ್ದರು. ಆಗ ವಾಣಿಶ್ರೀ ತಾರಸಿಯಿಂದ ಕೈ ಒರೆಸಿಕೊಳ್ಳುತ್ತ ಇಳಿದು ಬಂದಳು. ಬೆಲ್ಟ್ ಸರಿಯಾಯಿತು, ಇನ್ನು ಚಾಲೂ ಮಾಡಬಹುದು ಎಂದಳು. ಎಂದಿನ ಮುಖವೇ. ಅವಳಿಗೆ ಏನೂ ಕೇಳಿಲ್ಲ ಎಂದು ನನಗೆ ಹೋದ ಜೀವ ಬಂತು, ಜೊತೆಗೆ ಯಾಕೋ ಸ್ವಲ್ಪ ಬೇಸರವೂ ಆಯಿತು.

ಅಪ್ಪ ಎದ್ದು ನಿಂತರು. ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಪ್ಪತ್ತೆರಡು ಜನ ನಂಟರ ಮುಂದೆ ಅಂದರು, "ವಾಣಿಶ್ರೀ, ನೀ ಹೇಳಿದ್ದೇ ಸರಿ ಐತವ್ವ. ಎಲ್ಲಾ ಬಿಚ್ಚಿ ಲೈನಿಂಗ್ ಹಾಕು. ಬಾಗೂ ಕೊಡು."

ಯಾಕೆ, ಏನಾಯಿತು ಎಂದು ಅವಳು ಕೇಳಿದಳು. ಇಪ್ಪತ್ತೆರಡು ಜನ ನೆಲ ನೋಡಿದರು. ಪೂಜಾ ಬಹಳ ಜೋರಾಗಿ ಓದುತ್ತಾಳೆ, ನಿದ್ದೆ ಕೆಡುತ್ತದೆ ಎಂದರು ಅಪ್ಪ. ಎಷ್ಟು ದಿನ ಬೇಕು ಎಂದು ಕೇಳಿದ್ದಕ್ಕೆ ಅವಳು ಸ್ವಲ್ಪ ಯೋಚಿಸಿ, ಎಂಟು ದಿನ ಎಂದಳು. ನಮ್ಮ ನಂಟರು ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋದದ್ದು ಅದೇ ಮೊದಲು. ಗೇಟಿನ ಆಚೆ ಹೋದ ಮೇಲೆ ಏನು ಮಾಡಿದರು ಎಂಬುದು ಬೇರೆ.

ಮರುದಿನ ಅಂಗಡಿಯಲ್ಲಿ ಥಾನು ಸುತ್ತುತ್ತ ಅಪ್ಪ ನನ್ನ ಕಡೆ ನೋಡದೆಯೇ ಹೇಳಿದರು, "ನಾ ಬಡಿದು ನೋಡೋದು ಪಾತ್ರೆ, ಸೊಸೇನಲ್ಲ. ಬಾಯಿ ಬಿಟ್ಟು ಕೇಳೋದು ನಿನ್ ಕೆಲಸ. ಎಂಟು ದಿನ ಐತೆ." ಆಮೇಲೆ ಥಾನನ್ನು ಒಂದು ಸಲ ಬಡಿದು ಅಟ್ಟಕ್ಕೆ ಇಟ್ಟರು. ನನಗೆ ಅವರ ಕಾಲಿಗೆ ಬೀಳಬೇಕು ಎನಿಸಿತು. ಗಿರಾಕಿ ಬಂದದ್ದರಿಂದ ಬೀಳಲಿಲ್ಲ.

ಎಂಟು ದಿನ ಎಂದರೆ ಎಷ್ಟು ಎಂದು ಕೇಳಿ. ಅಂಗಳದಲ್ಲಿ ಜಮಾಲುದ್ದೀನ್ ಚಾಚಾ ಒಂದೊಂದೇ ಡಕ್ಟನ್ನು ಮಲಗಿಸಿ ಒಳಗೆ ಅಂಟು ಬಳಿದು ಕಪ್ಪು ಹಾಳೆ ಅಂಟಿಸುತ್ತಿದ್ದರು. ವಾಣಿಶ್ರೀ ಏಣಿ ಹತ್ತಿ ಅವನ್ನು ಮತ್ತೆ ತೂಗಿಸುತ್ತಿದ್ದಳು. ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆ ಕನ್ನಡಿ ಮುಂದೆ ನಿರ್ಧರಿಸಿ ಹೋಗುತ್ತಿದ್ದೆ, ಸಂಜೆಗೆ ಹೇಳದೆ ಬರುತ್ತಿದ್ದೆ. ಮನೆಯವರ ಸಹಾಯ ನೋಡಲಾಗುತ್ತಿರಲಿಲ್ಲ. ಅಮ್ಮ ಚಹಾ ಮಾಡಿ ಎರಡೇ ಲೋಟ ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಡುತ್ತಿದ್ದರು, ಚಾಚಾನಿಗೆ ತಾವೇ ಬೇರೆ ಒಯ್ಯುತ್ತಿದ್ದರು. ನಾಲ್ಕನೇ ದಿನ ಮಧ್ಯಾಹ್ನ ಮನೆಮಂದಿಯೆಲ್ಲ ಒಟ್ಟಾಗಿ ತರಕಾರಿ ತರಲು ಹೋದರು. ಮೂವರು, ಒಂದು ಕಟ್ಟು ಮೆಂತ್ಯ ಸೊಪ್ಪಿಗೆ. ಚಾಚಾ ಕೂಡ ಚಹಾಕ್ಕೆ ಎಂದು ಹೊರಟುಬಿಟ್ಟರು. ಇಡೀ ಮನೆಯಲ್ಲಿ ನಾವಿಬ್ಬರೇ. ನಾನು ಗಂಟಲು ಸರಿಮಾಡಿಕೊಂಡು, ಇಳಕಲ್ ಸೀರೆಗೂ ಮೊಳಕಾಲ್ಮೂರು ಸೀರೆಗೂ ಇರುವ ವ್ಯತ್ಯಾಸವನ್ನು ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಸೆರಗು ಹೇಗೆ ಜೋಡಿಸುತ್ತಾರೆ ಎಂಬುದನ್ನೂ ಬಿಡಲಿಲ್ಲ. ಅವಳು ಏಣಿಯ ಮೇಲಿಂದ ಎಲ್ಲ ಕೇಳಿಸಿಕೊಂಡು, ಮುಗಿಯಿತೇ ಎಂದಳು. ಮುಗಿಯಿತು ಎಂದೆ. ಅವಳು ಮತ್ತೆ ಸ್ಕ್ರೂ ತಿರುಗಿಸಲು ಶುರು ಮಾಡಿದಳು. ಆ ಕ್ಷಣ ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನಾರ ಮೇಲೂ ಬಂದಿಲ್ಲ.

ಎಂಟನೆಯ ದಿನ ನಾಲ್ಕು ಗಂಟೆ. ನಾನು ನನ್ನ ಕೋಣೆಯಲ್ಲಿ ಮಂಚದ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದೆ. ಕೆಳಗೆ ಚಾಚಾ ಸಾಮಾನು ಗಾಡಿಗೆ ತುಂಬುವ ಸದ್ದು. ಇನ್ನೇನು ಹೋಗಿಬಿಡುತ್ತಾಳೆ, ನಾನು ಮತ್ತೊಬ್ಬರ ಮದುವೆಯ ಸೀರೆ ಬಿಚ್ಚುತ್ತ ಮುದುಕನಾಗುತ್ತೇನೆ ಎಂದು ನಿಜವಾಗಿ ಅಳು ಬಂತು. ಆಗ ನನ್ನ ತಲೆಯ ಮೇಲಿನ ಜಾಲರಿ ಮಾತಾಡಿತು.

"ಬಸವಕಿರಣ್ ಅವ್ರೆ, ಕೇಳ್ತೈತೇನ್ರಿ?"

ಬೆಚ್ಚಿ ಎದ್ದು ನಿಂತೆ. ಹ್ಞೂಂ ಎಂದೆ. ಅವಳು ನಡುಮನೆಯ ಜಾಲರಿಯ ಹತ್ತಿರ ಏಣಿಯ ಮೇಲಿದ್ದಾಳೆ ಎಂದು ಅರ್ಥವಾಯಿತು.

"ಇದೊಂದು ತುಂಡು ಉಳಿದೈತೆ. ಇದಕ್ಕೂ ಲೈನಿಂಗ್ ಹಾಕಿದ್ರೆ ಅಲ್ಲಿ ಮಾತು ಇಲ್ಲಿಗೆ ಬರಲ್ಲ. ಏನಾರ ಹೇಳೋದಿದ್ರೆ ಈಗ ಹೇಳ್ರಿ."

ಅವತ್ತು ನಿಮಗೂ ಕೇಳಿಸಿತೇ ಎಂದು ಹೇಗೋ ಕೇಳಿದೆ. ಮನೆಯ ಡಕ್ಟುಗಳೆಲ್ಲ ಕೊನೆಗೆ ಹೋಗಿ ಸೇರುವುದು ಯಾವುದಕ್ಕೆ ಎಂದು ಅವಳು ತಿರುಗಿ ಕೇಳಿದಳು. ಯಂತ್ರಕ್ಕೆ. ಆ ಹೊತ್ತಿನಲ್ಲಿ ಅವಳು ತಾರಸಿಯಲ್ಲಿ ಯಂತ್ರದ ಮುಚ್ಚಳ ತೆಗೆದು ಒಳಗೆ ತಲೆ ಹಾಕಿದ್ದಳು. ಇಪ್ಪತ್ತೆರಡು ಜನಕ್ಕೆ ಒಂದು ಜಾಲರಿಯಿಂದ ಕೇಳಿದ್ದು ಅವಳಿಗೆ ಇಡೀ ಡಕ್ಟಿನಿಂದ ಕೇಳಿತ್ತು. ಇಷ್ಟು ಸಾದಾ ಲೆಕ್ಕ ನನಗೆ ಎಂಟು ದಿನ ಹೊಳೆದಿರಲಿಲ್ಲ. ಪೆನ್ಸಿಲ್ ವಿಷಯವೂ ಕೇಳಿಸಿತೇ ಎಂದೆ. ಕೇಳಿಸಿತು, ಅದು ಒಳ್ಳೆಯ ಪೆನ್ಸಿಲು ಎಂದಳು.

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದೆ.

"ಅವತ್ತು ನೀವು ಹೇಳಿದ್ದು ಪೂಜಾಗೆ. ನನಗೆ ಇನ್ನೂ ಯಾರೂ ಏನೂ ಹೇಳಿಲ್ರಿ."

ಎದೆಗೆ ನೇರವಾಗಿ ನಾಟಿತು. ಹೌದಲ್ಲ. ಊರಿಗೆಲ್ಲ ಗೊತ್ತಾಗಿತ್ತು, ಕೊಂಡಜ್ಜಿಯ ದೊಡ್ಡಮ್ಮನಿಗೆ ಗೊತ್ತಾಗಿತ್ತು, ಕೊಕ್ಕನೂರಿನ ತನಕ ಗೊತ್ತಾಗಿತ್ತು. ಯಾರಿಗೆ ಹೇಳಬೇಕಿತ್ತೋ ಅವಳು ಎಂಟು ದಿನ ಏಣಿಯ ಮೇಲೆ ನಿಂತು ಕಾದಿದ್ದಳು. ನಾನು ಅವಳಿಗೆ ಸೀರೆ ಸೆರಗಿನ ಪಾಠ ಮಾಡಿದ್ದೆ. ಜಾಲರಿಗೆ ಮುಖ ಎತ್ತಿ ಹೇಳಲು ಬಾಯಿ ತೆರೆದವನು ನಿಲ್ಲಿಸಿದೆ. ಈ ಮಾತನ್ನು ಇನ್ನು ತಗಡಿಗೆ ಹೇಳಬಾರದು. ಬಾಗಿಲು ತೆಗೆದು ಓಡಿದೆ. ಮೆಟ್ಟಿಲನ್ನು ಎರಡೆರಡು ಹಾರಿ ಇಳಿದೆ, ಯಾಕೆ ಇಳಿದೆ ಎಂಬುದು ಈ ಸಲ ಮರೆಯಲಿಲ್ಲ.

ಅವಳು ಏಣಿಯ ನಾಲ್ಕನೇ ಮೆಟ್ಟಿಲ ಮೇಲಿದ್ದಳು. ಹಣೆಗೆ ಅಂಟು ಮೆತ್ತಿತ್ತು. ನಾನು ಏಣಿಯ ಬುಡಕ್ಕೆ ಹೋಗಿ ನಿಂತು ಅವಳ ಮುಖ ನೋಡಿದೆ. ಅಂಗಡಿಯ ಮಾತು ಒಂದೂ ನೆನಪಿಗೆ ಬರಲಿಲ್ಲ, ಒಳ್ಳೆಯದೇ ಆಯಿತು.

"ವಾಣಿಶ್ರೀ ಅವ್ರೆ, ನೀವಂದ್ರೆ ನಂಗೆ ಜೀವ. ನನ್ನ ಮದುವಿ ಆಗ್ತೀರಾ?"

ಮೆಲ್ಲಗೆ ಹೇಳಿದೆ, ಅವಳಿಗೆ ಮಾತ್ರ ಕೇಳುವಷ್ಟು. ಅವಳು ತುಟಿ ಕಚ್ಚಿಕೊಂಡು ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದಳು. ಹ್ಞೂಂ ಎಂದು ತಲೆ ಆಡಿಸಿದಳು. ನಮ್ಮ ಮನೆಗೆ ಬಂದು ನಮ್ಮಪ್ಪನನ್ನು ಕೇಳಿ, ಅವರು ಬೇಡ ಎನ್ನುವುದಿಲ್ಲ, ಹರಿಹರದ ಚಹಾ ಅಂಗಡಿಯಲ್ಲಿ ನಿಮ್ಮನ್ನು ನಾಲ್ಕು ಸಲ ನೋಡಿದ್ದಾರೆ ಎಂದಳು. ನಾನು ಏಣಿ ಹಿಡಿದುಕೊಂಡೆ.

ಅಡುಗೆಮನೆಯ ಬಾಗಿಲಿನಿಂದ ಅಪ್ಪ ಇಣುಕಿದರು. ಅವರ ಹಿಂದೆ ಅಮ್ಮ, ಅಮ್ಮನ ಭುಜದ ಮೇಲೆ ಪೂಜಾಳ ಗಲ್ಲ. ಮೂವರೂ ಅಲ್ಲಿನ ಜಾಲರಿಯ ಕೆಳಗೆ ಸ್ಟೂಲು ಇಲ್ಲದೆ ಕುತ್ತಿಗೆ ಎತ್ತಿ ನಿಂತು ಸಾಕಾದವರಂತೆ ಕಂಡರು. ಅಲ್ಲಿನ ಡಕ್ಟಿಗೆ ಮೂರು ದಿನದ ಹಿಂದೆಯೇ ಲೈನಿಂಗ್ ಆಗಿತ್ತು.

"ಏನಂದ್ಲೋ? ಇಲ್ಲೇನೂ ಕೇಳ್ತಿಲ್ಲ," ಎಂದರು ಅಪ್ಪ.

ಹೇಳುತ್ತೇನೆ ಎಂದು ನಾನು ತಿರುಗುವಷ್ಟರಲ್ಲಿ ವಾಣಿಶ್ರೀ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅಂಟಿನ ಕೈ, ಅಂಗಿಗೆ ಅಂಟಿಕೊಂಡಿತು. ಕಿವಿಯ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಹೇಳಿದಳು.

"ಲೈನಿಂಗ್ ಮೂರು ದಿನದ ಕೆಲಸ ರೀ. ನಾನೇ ಎಂಟು ದಿನ ಮಾಡಿದ್ದು."